ಮಸ್ಕಿಯ ಕಲ್ಲು, ನೀಲಿ ಹಲ್ಲಿನ ರಾಜ ಮತ್ತು ಸಿಂಧನೂರಿನ ಸ್ಟೀರಿಯೋ

ಒಂದು ಸಣ್ಣ ಘಟನೆಯಿಂದ ಶುರು ಮಾಡ್ತೀನಿ. ಸಿಂಧನೂರಿನಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆ. ಮನೆಯ ಹಿರಿಯರು ನಿವೃತ್ತ ಮೇಷ್ಟ್ರು. ಪಡಸಾಲೆಯಲ್ಲಿ ಹಳೇ ಕಾಲದ ಆಂಪ್ಲಿಫೈಯರ್, ಅದರ ಎರಡೂ ಕಡೆ ಸೊಂಟದೆತ್ತರದ ಸ್ಪೀಕರ್ ಬಾಕ್ಸು, ಮೇಲೆ ಬೆಲ್ಟ್ ಸವೆದು ನಿಂತುಹೋದ ಕ್ಯಾಸೆಟ್ ಡೆಕ್ಕು. ಬೆಂಗಳೂರಿನಲ್ಲಿ ಓದುವ ಮೊಮ್ಮಗ ರಜೆಗೆ ಬಂದಿದ್ದ. ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ರಿಸೀವರ್ ಒಂದನ್ನು ತಂದು ಆಂಪ್ಲಿಫೈಯರ್ ಹಿಂದಿನ ಆಕ್ಸ್ ತೂತಿಗೆ ಚುಚ್ಚಿದ. ಜೇಬಿನಿಂದ ಫೋನ್ ತೆಗೆದು ಒಂದು ತತ್ವಪದ ಹಾಕಿದ. ವೈರಿಲ್ಲ, ಕ್ಯಾಸೆಟ್ಟಿಲ್ಲ, ಹತ್ತು ವರ್ಷ ಸುಮ್ಮನಿದ್ದ ಸ್ಪೀಕರುಗಳು ಮಾತಾಡಿದವು.

ಅಜ್ಜ ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅಂದರು: "ಧ್ವನಿ ಬಂತು ತಮ್ಮಾ. ಆದ್ರ ಹಾಡೋರು ಬಂದಿಲ್ಲ."

ಹುಡುಗನಿಗೆ ಬೇಜಾರಾಯ್ತು. "ಅಜ್ಜಾ, ಇದು ಹೈ ಕ್ವಾಲಿಟಿ ರಿಸೀವರ್ರೀ" ಅಂದ. ಅಜ್ಜ ನಕ್ಕು ಸುಮ್ಮನಾದರು. ನಾನು ಫೋನಿನ ಪರದೆ ನೋಡಿದೆ. ಹಾಡುಗಾರರ ಹೆಸರಿರಬೇಕಾದ ಜಾಗದಲ್ಲಿ 'ಅನ್‌ನೋನ್ ಆರ್ಟಿಸ್ಟ್' ಅಂತಿತ್ತು. ಅಪರಿಚಿತ ಕಲಾವಿದ.

ಅಜ್ಜ ಹೇಳಿದ ಆ ಒಂದು ಮಾತು, ಪರದೆ ಮೇಲಿದ್ದ ಆ ಎರಡು ಪದ ನನ್ನ ತಲೆಯಿಂದ ಹೋಗಲೇ ಇಲ್ಲ. ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಎರಡು ಸಾವಿರ ವರ್ಷಕ್ಕೂ ಹಿಂದಕ್ಕೆ ಕರಕೊಂಡು ಹೋಗಬೇಕು. ಬಹಳ ದೂರ ಏನಿಲ್ಲ ಬಿಡಿ. ಸಿಂಧನೂರಿನಿಂದ ಲಿಂಗಸುಗೂರಿನ ಬಸ್ ಹತ್ತಿ, ನಡುವೆ ಮಸ್ಕಿಯಲ್ಲಿ ಇಳಿದರೆ ಸಾಕು.

ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬರೆಸಿದವನು ಕ್ರಿ.ಪೂ. 3ನೇ ಶತಮಾನದ ಮೌರ್ಯ ಚಕ್ರವರ್ತಿ. ಈ ಬಂಡೆ ಹೊರಜಗತ್ತಿಗೆ ಗೊತ್ತಾಗಿದ್ದು 1915ರಲ್ಲಿ. ಪತ್ತೆ ಮಾಡಿದ್ದು ಇತಿಹಾಸಕಾರರಲ್ಲ, ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್. ಈ ಸೀಮೆ ಚಿನ್ನದ ಸೀಮೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೀತಾರೆ. ಚಿನ್ನ ಹುಡುಕುತ್ತಾ ಬಂದವನಿಗೆ ಸಿಕ್ಕಿದ್ದು ಅದಕ್ಕಿಂತ ಬೆಲೆಬಾಳೋದು. ಏನದು? ಒಂದು ಹೆಸರು.

ಸ್ವಲ್ಪ ಬಿಡಿಸಿ ಹೇಳ್ತೀನಿ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ. ದೇಶದ ಉದ್ದಗಲಕ್ಕೂ ಕಂಬ, ಬಂಡೆಗಳ ಮೇಲೆ ಒಬ್ಬ ರಾಜ ಮಾತಾಡ್ತಿದ್ದಾನೆ ಅಂತ ಗೊತ್ತಾಯ್ತು. ಆದರೆ ಆ ರಾಜ ಯಾರು? ಎಲ್ಲ ಕಡೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದುಗಳೇ. ಮೊದಲು ಪ್ರಿನ್ಸೆಪ್ ಇವನು ಸಿಂಹಳದ ರಾಜ ಇರಬೇಕು ಅಂದುಕೊಂಡ. ಆಮೇಲೆ ಸಿಂಹಳದ ಹಳೆಯ ಗ್ರಂಥಗಳ ನೆರವಿನಿಂದ ಜಾರ್ಜ್ ಟರ್ನರ್ ಈತ ಅಶೋಕ ಅಂತ ತೋರಿಸಿಕೊಟ್ಟ. ಆದರೂ ಶಾಸನದಲ್ಲೇ ಆ ಹೆಸರು ಬೇಕಿತ್ತು. ಮಸ್ಕಿಯ ಕಲ್ಲು ಅದನ್ನು ಕೊಟ್ಟಿತು: ದೇವಾನಾಂಪ್ರಿಯ ಅಶೋಕ. 1837ರಿಂದ 1915, ಒಟ್ಟು 78 ವರ್ಷದ ಕಾಯುವಿಕೆ ನಮ್ಮ ರಾಯಚೂರು ಜಿಲ್ಲೆಯ ಒಂದು ಬಂಡೆಯ ಮುಂದೆ ಮುಗಿಯಿತು.

ಈಗ ಒಂದು ಸೂಕ್ಷ್ಮ ನೋಡಿ. ಮಸ್ಕಿಯಲ್ಲಿರೋದು ಸಣ್ಣ ಬಂಡೆಗಲ್ಲು ಶಾಸನ. ಇದೇ ಸಂದೇಶದ ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿವೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನಲ್ಲಿವೆ. ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲಿವೆ. ಅಂದರೆ ಒಂದೇ ಮಾತನ್ನು ನೂರಾರು ಹರದಾರಿ ಆಚೆಯ ಹತ್ತಾರು ಜಾಗಕ್ಕೆ ಕಳಿಸಿದ್ದಾನೆ. ಇವತ್ತಿನ ಭಾಷೆಯಲ್ಲಿ ಇದು ಪ್ರಸಾರ. ಆದರೆ ಎಲ್ಲ ಪ್ರತಿಗಳೂ ಒಂದೇ ಥರ ಇಲ್ಲ. ಕೆಲವು ಕಡೆ ಸಾಲು ಹೆಚ್ಚು, ಕೆಲವು ಕಡೆ ಕಡಿಮೆ, ಬಹುತೇಕ ಕಡೆ ಹೆಸರೇ ಬಿಟ್ಟುಹೋಗಿದೆ. ಮಸ್ಕಿಯಲ್ಲಿ, ಆಮೇಲೆ ಸಿಕ್ಕ ನಿಟ್ಟೂರು, ಉಡೇಗೋಳದಂಥ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಅಶೋಕ ಅನ್ನೋ ಹೆಸರು ಉಳಿದಿದೆ. ದೂರಕ್ಕೆ ಕಳಿಸುವಾಗ ಏನೋ ಒಂದು ಬಿಟ್ಟುಹೋಗುತ್ತೆ. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು ಅನ್ನೋದೇ ಪ್ರಶ್ನೆ. ಪಾಟಲೀಪುತ್ರದಿಂದ ಮಸ್ಕಿಗೆ ಕಳಿಸಿದ ಆಜ್ಞೆಗೂ ಇದೇ ಪ್ರಶ್ನೆ, ಫೋನಿನಿಂದ ಸ್ಟೀರಿಯೋಗೆ ಕಳಿಸೋ ಹಾಡಿಗೂ ಇದೇ ಪ್ರಶ್ನೆ.

ಇನ್ನೊಂದು ಕಲ್ಲಿಗೆ ಹೋಗೋಣ. ಇದು ಡೆನ್ಮಾರ್ಕಿನ ಯೆಲ್ಲಿಂಗ್ ಅನ್ನೋ ಊರಿನಲ್ಲಿದೆ. ಅದನ್ನು ನಿಲ್ಲಿಸಿದವನು 10ನೇ ಶತಮಾನದ ರಾಜ ಹೆರಾಲ್ಡ್. ಅಪ್ಪ ಗೋರ್ಮ್, ಅಮ್ಮ ಥೈರಾ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಡೆನ್ಮಾರ್ಕನ್ನು ಒಂದುಗೂಡಿಸಿದೆ ಅಂತ ತನ್ನ ಹೆಸರು ಹೇಳಿಕೊಂಡು ಬರೆಸಿದ್ದಾನೆ. ಈ ಹೆರಾಲ್ಡನ ಅಡ್ಡಹೆಸರು ಬ್ಲೋಟನ್. ಅಂದರೆ ನೀಲಿ ಹಲ್ಲು. ಇಂಗ್ಲಿಷಿನಲ್ಲಿ? ಬ್ಲೂಟೂತ್!

ಹೌದು ಸ್ವಾಮಿ, ನಿಮ್ಮ ಫೋನಿನಲ್ಲಿರೋ ಬ್ಲೂಟೂತ್ ಅವನೇ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಯಾಪ್ ಹಾರ್ಟ್‌ಸನ್ ಅನ್ನೋ ಡಚ್ ಎಂಜಿನಿಯರ್ ಹತ್ತಿರದ ಸಾಧನಗಳನ್ನು ವೈರಿಲ್ಲದೆ ಜೋಡಿಸೋ ಕೆಲಸಕ್ಕೆ ಕೈ ಹಾಕಿದರು. ಬೇರೆ ಬೇರೆ ಕಂಪನಿಗಳು ಇದೇ ಪ್ರಯತ್ನದಲ್ಲಿದ್ದವು. ಎಲ್ಲರನ್ನೂ ಒಂದು ಮಾಡಬೇಕಿತ್ತು. 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ವೈಕಿಂಗರ ಕಥೆ ಓದ್ತಾ ಓದ್ತಾ, ಜಗಳಾಡೋ ಜನರನ್ನು ಒಂದುಗೂಡಿಸಿದ ಈ ರಾಜನ ಹೆಸರನ್ನೇ ತಾತ್ಕಾಲಿಕವಾಗಿ ಇಡೋಣ ಅಂದರು. ಯೆಲ್ಲಿಂಗ್ ಕಲ್ಲಿನ ಚಿತ್ರವನ್ನು ತಿದ್ದಿ, ರಾಜನ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿಸಿ ಒಂದು ಚಿತ್ರವನ್ನೂ ಮಾಡಿದ್ದರು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಸೇರಿ ಒಕ್ಕೂಟ ಮಾಡಿಕೊಂಡಾಗ ತಾತ್ಕಾಲಿಕ ಹೆಸರೇ ಕಾಯಂ ಆಯ್ತು. ಫೋನಿನ ಮೇಲೆ ಕಾಣೋ ಆ ನೀಲಿ ಚಿಹ್ನೆ ಇದೆಯಲ್ಲ, ಅದು ಹೆರಾಲ್ಡನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಒಂದರ ಮೇಲೊಂದು ಕೂರಿಸಿದ್ದು. ಶಾಸನದ ಲಿಪಿ ಇವತ್ತು ಸಿಂಧನೂರಿನ ಪ್ರತಿಯೊಬ್ಬನ ಜೇಬಿನಲ್ಲಿದೆ!

ಇನ್ನು ಧ್ವನಿಯ ಕಥೆ. 1902ರ ನವೆಂಬರ್, ಕಲ್ಕತ್ತಾ. ಫ್ರೆಡ್ ಗೈಸ್‌ಬರ್ಗ್ ಅನ್ನೋ ಧ್ವನಿಮುದ್ರಕ ಗೌಹರ್ ಜಾನ್ ಅವರ ಹಾಡು ದಾಖಲು ಮಾಡಿಕೊಂಡ. ಮೂರು ನಿಮಿಷದೊಳಗೆ ರಾಗ ಮುಗಿಸಬೇಕು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳ್ತಿದ್ದರು. ಅಹಂಕಾರ ಅಂದುಕೊಂಡಿರಾ? ಅಲ್ಲ. ಆ ತಟ್ಟೆಗಳ ಅಚ್ಚು ಜರ್ಮನಿಯ ಹ್ಯಾನೋವರ್‌ನಲ್ಲಿ ಆಗ್ತಿತ್ತು. ಅಲ್ಲಿನ ಕೆಲಸಗಾರನಿಗೆ ಹಿಂದಿಯೂ ಗೊತ್ತಿಲ್ಲ, ಬಂಗಾಳಿಯೂ ಗೊತ್ತಿಲ್ಲ. ಇದು ಯಾರ ಹಾಡು ಅಂತ ತಿಳಿಯೋಕೆ ಹೆಸರು ಬೇಕಿತ್ತು. ಮಸ್ಕಿಯ ಕಲ್ಲು ಮಾಡಿದ ಕೆಲಸವನ್ನೇ ಗೌಹರ್ ಜಾನ್ ಮಾಡಿದರು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನ ಸಂಗೀತಗಾರ್ತಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆ ತಟ್ಟೆಗಳ ಗುಣಮಟ್ಟ ಹೇಗಿತ್ತು? ಕರಕರ ಸದ್ದು, ತಂಬೂರಿ ಅರ್ಧ ಕೇಳಿಸೋದೇ ಇಲ್ಲ. ಆದರೆ ಗದುಗಿನ ಒಬ್ಬ ಹುಡುಗ ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡ. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಆ ಹುಡುಗ ಭೀಮಸೇನ ಜೋಶಿ. ಹೈ ಕ್ವಾಲಿಟಿ ಅಂತ ಬಡಿದಾಡೋರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆಗ ನಮ್ಮ ರಾಯಚೂರು ಸೀಮೆ ನಿಜಾಮರ ಆಡಳಿತದಲ್ಲಿತ್ತು. ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೋ ಇತ್ತು. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಮೇಷ್ಟ್ರು ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದರು, 'ಆಕಾಶವಾಣಿ' ಅನ್ನೋ ಹೆಸರು ಬಂದಿದ್ದು ಅಲ್ಲಿಂದ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1950ರಲ್ಲಿ ಧಾರವಾಡ ಆಕಾಶವಾಣಿ ಬಂತು, 1956ರಲ್ಲಿ ಏಕೀಕರಣವಾಯ್ತು, 1966ರಲ್ಲಿ ಕಲಬುರಗಿ ಕೇಂದ್ರ ಬಂತು. ನಮ್ಮ ಜಿಲ್ಲೆಯ ಸಿದ್ದರಾಮ ಜಂಬಲದಿನ್ನಿಯವರ ವಚನ ಗಾಯನ ಜನರ ಕಿವಿಗೆ ಬಿದ್ದಿದ್ದು ಇಂಥ ಮೀಡಿಯಂ ವೇವ್ ಅಲೆಗಳ ಮೇಲೆ. ಇವತ್ತು ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಆಗ ರೇಡಿಯೋ ಇಟ್ಟುಕೊಳ್ಳೋಕೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಫೀ ಕಟ್ಟಬೇಕಿತ್ತು, ಹಿರಿಯರನ್ನು ಕೇಳಿ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್ ತನಕದ ಸದ್ದು ಕೇಳುತ್ತೆ. ಮೀಡಿಯಂ ವೇವ್ ಹೊತ್ತು ತರೋದು ಸುಮಾರು 5,000 ಹರ್ಟ್ಸ್ ತನಕ ಮಾತ್ರ. ತಾಳದ ಝಣತ್ಕಾರ, ತಂಬೂರಿಯ ಮೇಲಿನ ನಾದ ದಾರಿಯಲ್ಲೇ ಉದುರಿಹೋಗ್ತಿತ್ತು.

ಸಿಂಧನೂರಿಗೆ ಇನ್ನೊಂದು ಸಂಗೀತವೂ ಬಂತು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಇಲ್ಲಿ ಪುನರ್ವಸತಿ ಸಿಕ್ಕಿತು. ಸಿಂಧನೂರು ಸುತ್ತಲಿನ ಬಂಗಾಳಿ ಕ್ಯಾಂಪುಗಳು ಎಲ್ಲರಿಗೂ ಗೊತ್ತು. ಅವರ ನಾಡಿನವರೇ ಆದ ಜಗದೀಶಚಂದ್ರ ಬೋಸ್, ಹುಟ್ಟಿದ್ದು ಈಗಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. 1890ರ ದಶಕದ ನಡುವೆ ಕಲ್ಕತ್ತಾದಲ್ಲಿ ಗೋಡೆಯಾಚೆಗೆ ವೈರಿಲ್ಲದೆ ಅಲೆಗಳನ್ನು ಕಳಿಸಿ ಗಂಟೆ ಬಾರಿಸಿ ತೋರಿಸಿದವರು ಅವರು. ಇವತ್ತು ಆ ಕ್ಯಾಂಪುಗಳ ಮನೆಯಲ್ಲಿ ಫೋನಿನಿಂದ ಸ್ಪೀಕರಿಗೆ ಬಾವುಲ್ ಹಾಡು ಹಾರುತ್ತಲ್ಲ, ಅದರ ಮೂಲಪುರುಷರಲ್ಲಿ ಅವರೂ ಒಬ್ಬರು.

ಈಗ ಅಜ್ಜನ ಮಾತಿಗೆ ಬರೋಣ. ಧ್ವನಿ ಬಂತು, ಹಾಡೋರು ಯಾಕೆ ಬರಲಿಲ್ಲ?

ಸಿಂಧನೂರಿನ ರೈತರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕಾಲುವೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಹೊರಡೋ ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ನಿಲ್ಲುತ್ತೆ, ಕೆಳಭಾಗದ ರೈತ ನೀರಿಗಾಗಿ ಧರಣಿ ಕೂರ್ತಾನೆ. ಸಂಗೀತದ ಕಾಲುವೆಯ ಕಥೆಯೂ ಇದೇ.

1982ರಲ್ಲಿ ಸಿಡಿ ಬಂತು. ಅದು ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತೆ, ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎರಡು ಕಿವಿಗೆ ಎರಡು ಸಾಲು. ಗುಣಿಸಿ ನೋಡಿ: ಸೆಕೆಂಡಿಗೆ 14,11,200 ಬಿಟ್. ಇದು ಅಣೆಕಟ್ಟಿನ ನೀರು. ಆದರೆ ಮೊದಲ ಬ್ಲೂಟೂತ್ ಕಾಲುವೆಯ ಒಟ್ಟು ಸಾಮರ್ಥ್ಯವೇ ಸೆಕೆಂಡಿಗೆ 10 ಲಕ್ಷ ಬಿಟ್, ಕೈಗೆ ಸಿಗೋದು ಅದಕ್ಕಿಂತ ಕಡಿಮೆ. ತುಂಬೋದೇ ಇಲ್ಲ! ಹಾಗಾಗಿ ನೀರನ್ನು ಕಡಿಮೆ ಮಾಡಿ ಬಿಡಬೇಕಾಯ್ತು. 2003ರ ಸುಮಾರಿಗೆ ಸ್ಟೀರಿಯೋ ಸಂಗೀತ ಕಳಿಸೋ ನಿಯಮಾವಳಿ ಬಂದಾಗ ಎಲ್ಲ ಸಾಧನಗಳಿಗೂ ಕಡ್ಡಾಯ ಮಾಡಿದ್ದು ಎಸ್‌ಬಿಸಿ ಅನ್ನೋ ಸಂಕೋಚನ ವಿಧಾನವನ್ನು. ಅದರ ಒಳ್ಳೇ ಮಟ್ಟ ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ 28 ಸಾವಿರ ಬಿಟ್. ಅಣೆಕಟ್ಟಿನ ನೀರಿನ ಕಾಲು ಭಾಗ ಕೂಡ ಅಲ್ಲ. ಉಳಿದಿದ್ದು? ಕಿವಿಗೆ ಗೊತ್ತಾಗಲ್ಲ ಅಂತ ಲೆಕ್ಕ ಹಾಕಿ ಬಿಟ್ಟಿದ್ದು. ದೊಡ್ಡ ಸದ್ದಿನ ಪಕ್ಕದ ಸಣ್ಣ ಸದ್ದು ಕೇಳಿಸೋದಿಲ್ಲ ಅನ್ನೋದು ನಿಜ. ಜಾತ್ರೆಯ ಡೊಳ್ಳಿನ ಮುಂದೆ ನಿಮ್ಮ ಮಾತು ಕೇಳಿಸುತ್ತಾ? ಈ ಗುಣವನ್ನೇ ಬಳಸಿಕೊಂಡು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಎಂಪಿ3 ರೂಪಿಸಿದರು. 1995ರಲ್ಲಿ ಆ ಹೆಸರು ಬಂತು.

ಆಮೇಲೆ ಕಾಲುವೆ ಅಗಲವಾಗ್ತಾ ಬಂತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಪ್ಟ್‌ಎಕ್ಸ್ ಬಂತು. 2015ರಲ್ಲಿ ಸೋನಿಯ ಎಲ್‌ಡಿಎಸಿ ಬಂತು, ಅದು ಅತಿ ಹೆಚ್ಚೆಂದರೆ ಸೆಕೆಂಡಿಗೆ 9 ಲಕ್ಷ 90 ಸಾವಿರ ಬಿಟ್ ಹೊರುತ್ತೆ. 2017ರ ಆಂಡ್ರಾಯ್ಡ್ 8ರಿಂದ ಫೋನಿನ ತಂತ್ರಾಂಶದಲ್ಲೇ ಅದು ಸೇರಿತು. ಆದರೆ ಫೋನಿನಲ್ಲಿ ಇದ್ದರೆ ಸಾಲದು, ರಿಸೀವರಿನಲ್ಲೂ ಇರಬೇಕು. ಇಲ್ಲದಿದ್ದರೆ ಇಬ್ಬರೂ ಸದ್ದಿಲ್ಲದೆ ಎಸ್‌ಬಿಸಿಗೆ ಇಳೀತಾರೆ, ನಿಮಗೆ ಗೊತ್ತೂ ಆಗಲ್ಲ. ಐಫೋನಿಗೆ ಎಲ್‌ಡಿಎಸಿ ಇಲ್ಲವೇ ಇಲ್ಲ. ಸಿಡಿಯಷ್ಟೇ ನೀರು ಒಂದು ಹನಿಯೂ ಚೆಲ್ಲದೆ ಬರಬೇಕು ಅಂದರೆ ಒಂದು ದಾರಿ ವೈಫೈ. ಆಪಲ್ 2004ರಲ್ಲೇ ಏರ್‌ಟ್ಯೂನ್ಸ್ ಅಂತ ಅದನ್ನು ಮಾಡಿ ತೋರಿಸಿತ್ತು, ಅದೇ ಮುಂದೆ ಏರ್‌ಪ್ಲೇ ಆಯ್ತು. ಇದೆಲ್ಲ ಬೇಡ ಅನ್ನೋರಿಗೆ ಒಂದು ಒಳ್ಳೇ ಆಕ್ಸ್ ವೈರು ಸಾಕು, ಅದಕ್ಕೆ ನಾಚಿಕೆ ಪಡಬೇಕಿಲ್ಲ.

ಇನ್ನೊಂದು ಮಾತು. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ. ನಿಮ್ಮ ವೈಫೈ, ನಿಮ್ಮ ಮೈಕ್ರೋವೇವ್ ಒಲೆ ಎಲ್ಲವೂ ಅದೇ ರಸ್ತೆಯಲ್ಲಿವೆ. ಗುದ್ದಾಡಬಾರದು ಅಂತ ಬ್ಲೂಟೂತ್ 79 ಓಣಿಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗೀತಾ ಇರುತ್ತೆ. ನೀರು ಈ ಅಲೆಗಳನ್ನು ಹೀರುತ್ತೆ, ಮನುಷ್ಯನ ಮೈ ಅಂದರೆ ಬಹುಪಾಲು ನೀರೇ. ಫೋನನ್ನು ಹಿಂದಿನ ಜೇಬಿನಲ್ಲಿಟ್ಟು ಬೆನ್ನು ತಿರುಗಿಸಿ ಕೂತರೆ ಹಾಡು ಕಡಿದು ಕಡಿದು ಬರೋದು ಅದಕ್ಕೇ. ರಿಸೀವರನ್ನು ಕಬ್ಬಿಣದ ಅಲ್ಮಾರಿ ಹಿಂದೆ ಬಚ್ಚಿಡಬೇಡಿ, ಕಣ್ಣಿಗೆ ಕಾಣೋ ಹಾಗೆ ಇಡಿ.

ಸರಿ, ಮೊಮ್ಮಗನ ರಿಸೀವರ್ ಒಳ್ಳೇದೇ ಇತ್ತು. ಹಾಗಾದರೆ ತಪ್ಪು ಎಲ್ಲಿ? ಊಟ ಆದಮೇಲೆ ನಾನು ಹುಡುಗನನ್ನು ಕೇಳಿದೆ, "ಈ ಹಾಡು ನಿನಗೆ ಎಲ್ಲಿ ಸಿಕ್ತು?" ಗೆಳೆಯನಿಂದ ವಾಟ್ಸಾಪಿನಲ್ಲಿ ಬಂತು ಅಂದ. ಗೆಳೆಯನಿಗೆ? ಅವನ ಅಣ್ಣನ ಹಳೇ ಮೆಮೊರಿ ಕಾರ್ಡಿನಿಂದ. ಆಗ ಅಜ್ಜ ನಡುವೆ ಬಾಯಿ ಹಾಕಿದರು. "ಅದು ನಾನಽ ತುಂಬಿದ್ದು ಸರ. ಇದಽ ಡೆಕ್ಕಿನ್ಯಾಗ. ನಮ್ಮ ಓಣಿ ಭಜನಿ ಗುಡಿಯಾಗ ಅವರು ಹಾಡ್ಯಾರ. ಕ್ಯಾಸೆಟ್ ಯಾರ್ಯಾರೋ ಒಯ್ದು ನಕಲು ಮಾಡಿಕೊಂಡ್ರು."

ಲೆಕ್ಕ ಹಾಕಿ. ಭಜನಿ ಗುಡಿಯಿಂದ ಕ್ಯಾಸೆಟ್ಟು. ಕ್ಯಾಸೆಟ್ಟಿನಿಂದ ಇನ್ನೊಂದು ಕ್ಯಾಸೆಟ್ಟು. ಅಲ್ಲಿಂದ ಮೊಬೈಲ್ ಅಂಗಡಿಯ ಕಂಪ್ಯೂಟರು. ಹತ್ತು ಹದಿನೈದು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಪಕ್ಕ 'ಇಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಲಾಗುವುದು' ಅಂತ ಬೋರ್ಡ್ ಇರ್ತಿತ್ತಲ್ಲ, ಅಲ್ಲಿ ಜಾಗ ಉಳಿಸೋಕೆ ಫೈಲನ್ನು ಹಿಂಡಿ ಹಿಂಡಿ ಸಣ್ಣದು ಮಾಡ್ತಿದ್ದರು. ಅಲ್ಲಿಂದ ಫೋನು, ಫೋನಿನಿಂದ ಫೋನು, ಮತ್ತೆ ವಾಟ್ಸಾಪು, ಕೊನೆಗೆ ಬ್ಲೂಟೂತು. ಈ ದಾರಿಯ ಹಲವು ತೂಬುಗಳಲ್ಲಿ ಒಂದಿಷ್ಟು ನೀರು ಸೋರಿದೆ. ಮೇಲ್ಭಾಗದಲ್ಲೇ ನೀರಿಲ್ಲದ ಮೇಲೆ ಕೆಳಭಾಗದ ಕಾಲುವೆಗೆ ಸಿಮೆಂಟ್ ಹಾಕಿಸಿ ಏನು ಉಪಯೋಗ? ಒಮ್ಮೆ ಬಿಟ್ಟುಹೋದ ನಾದವನ್ನು ಯಾವ ಎಲ್‌ಡಿಎಸಿಯೂ ವಾಪಸ್ ತರೋದಿಲ್ಲ.

ನಾದದ ಜೊತೆ ಹೆಸರೂ ಸೋರಿಹೋಯ್ತು. ನನಗೆ ಕಸಿವಿಸಿ ಆಗಿದ್ದು ಇಲ್ಲೇ. ಕ್ಯಾಸೆಟ್ಟಿನ ರಟ್ಟಿನ ಮೇಲೆ ಅಜ್ಜ ನೀಲಿ ಶಾಯಿಯಲ್ಲಿ ಆ ಹಾಡುಗಾರರ ಹೆಸರು, ಊರು, ತಿಥಿ ಬರೆದಿದ್ದರು. ಮೊದಲ ನಕಲಿನಲ್ಲೇ ಅದು ಬಿಟ್ಟುಹೋಯ್ತು. ಅಶೋಕ ಚಕ್ರವರ್ತಿಗೇ ಬಹುತೇಕ ಬಂಡೆಗಳ ಮೇಲೆ ಹೆಸರು ಉಳಿಯಲಿಲ್ಲ, ಇನ್ನು ನಮ್ಮ ಓಣಿಯ ತತ್ವಪದಕಾರರ ಗತಿ ಏನು? ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿಗೇ ಪ್ರಸಿದ್ಧ. ಅಲ್ಲಿ ಹಿಂದೂ ಮುಸ್ಲಿಂ ಅನ್ನದೆ ಜನ ಸೇರ್ತಾರೆ. ಈ ಸೀಮೆಯ ಮೊಹರಂನಲ್ಲಿ ಕನ್ನಡದಲ್ಲೇ ರಿವಾಯತ್ ಪದ ಹಾಡ್ತಾರೆ. ಬಯಲಾಟದ ಪದ ಇದೆ, ಸೋಬಾನೆ ಇದೆ, ಕಳೆ ಕೀಳುವಾಗಿನ ಹಾಡಿದೆ. ನಿಮ್ಮ ಫೋನಿನಲ್ಲಿ ಅವುಗಳ ಫೈಲ್ ಇದ್ದರೆ ಒಮ್ಮೆ ತೆಗೆದು ನೋಡಿ. 'ಟ್ರ್ಯಾಕ್ 01, ಅನ್‌ನೋನ್ ಆರ್ಟಿಸ್ಟ್' ಅಂತ ಇರುತ್ತೆ. ದೊಡ್ಡ ಕಂಪನಿಗಳ ಸಿನಿಮಾ ಹಾಡಿಗೆ ಹಾಡಿದವರ, ಬರೆದವರ, ತಬಲಾ ಬಾರಿಸಿದವರ ಹೆಸರೂ ಇರುತ್ತೆ. ನಮ್ಮವರಿಗೆ ಮಾತ್ರ ಇಲ್ಲ. ತಪ್ಪು ತಂತ್ರಜ್ಞಾನದ್ದಲ್ಲ. ಪ್ರತಿ ಫೈಲಿನಲ್ಲೂ ಹೆಸರು ಬರೆಯೋಕೆ ಜಾಗ ಇದೆ. ಬರೆದಿಲ್ಲ, ಅಷ್ಟೇ.

ಆ ಹುಡುಗ ಏನು ಮಾಡಿದ ಗೊತ್ತಾ? ರಜೆ ಮುಗಿಯೋದರೊಳಗೆ ಡೆಕ್ಕಿಗೆ ಹೊಸ ಬೆಲ್ಟ್ ಹಾಕಿಸಿದ. ಅಜ್ಜನ ಪೆಟ್ಟಿಗೆಯಿಂದ ಮೂಲ ಕ್ಯಾಸೆಟ್ ತೆಗೆದು, ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಕಂಪ್ಯೂಟರಿಗೆ ಜೋಡಿಸಿ, ಸಂಕೋಚನ ಇಲ್ಲದ ಫೈಲಾಗಿ ಇಳಿಸಿಕೊಂಡ. ಅಜ್ಜನನ್ನು ಪಕ್ಕ ಕೂರಿಸಿಕೊಂಡು ಹಾಡಿದವರ ಹೆಸರು, ತಾಳ ಹಾಕಿದವರ ಹೆಸರು, ಊರು, ವರ್ಷ ಕೇಳಿ ಕೇಳಿ ಟೈಪ್ ಮಾಡಿದ. ಹಾಡುಗಾರರು ಈಗಿಲ್ಲ. ಅವರ ಮನೆಯವರನ್ನು ಕೇಳದೆ ನಾನಿಲ್ಲಿ ಹೆಸರು ಬರೆಯೋದು ಸರಿಯಲ್ಲ, ಆದರೆ ಆ ಫೈಲಿನಲ್ಲಿ ಇದೆ.

ಆಮೇಲೆ ಹುಡುಗ ನನಗೆ ಫೋನ್ ಮಾಡಿದ್ದ. ಅದೇ ಆಂಪ್ಲಿಫೈಯರು, ಅದೇ ಬೆಂಕಿಪೊಟ್ಟಣದ ರಿಸೀವರು, ಹೊಸ ಫೈಲು. ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದರಂತೆ. ಹಾಡಿನ ನಡುವೆ ಯಾರೋ ಕೆಮ್ಮಿದ್ದು, ದೂರದಲ್ಲಿ ನಾಯಿ ಬೊಗಳಿದ್ದು ಎಲ್ಲ ಕೇಳಿಸಿತಂತೆ. "ಅಜ್ಜ ಏನಂದ್ರು?" ಅಂತ ಕೇಳಿದೆ.

"ಆ ಕೆಮ್ಮಿದೋರು ನಮ್ಮ ಅಜ್ಜಿ ಅಂತ ಸರ. ನಾನು ಹುಟ್ಟೋಕ ಮೊದಲಽ ತೀರಿಕೊಂಡಿದ್ರು."

ನಿಮ್ಮ ಮನೆಯ ಅಟ್ಟದ ಮೇಲೆ ಕ್ಯಾಸೆಟ್ ಪೆಟ್ಟಿಗೆ ಇದ್ದರೆ ಈ ಭಾನುವಾರ ಕೆಳಗಿಳಿಸಿ. ಸುರುಳಿಗೆ ಬೂಷ್ಟು ಹಿಡಿಯೋಕೆ ಮುಂಚೆ, ರಟ್ಟಿನ ಮೇಲಿನ ಶಾಯಿ ಅಳಿಸೋಕೆ ಮುಂಚೆ, ಆ ಧ್ವನಿ ಯಾರದು ಅಂತ ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಇಳಿಸಿ. ರಿಸೀವರ್ ಯಾವುದು ತಗೋಬೇಕು ಅನ್ನೋದನ್ನ ಆಮೇಲೆ ನೋಡೋಣ.